ಹುಡುಕಿದಾಗ ಒಂದೂ ಸಿಗಲಿಲ್ಲ ಅಂದರೆ ಒಂದೂ ಇಲ್ಲ ಅಂತಲೇ?

ಗಣಿತ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಎರಡು ಬಗೆಯ ವರದಿಗಳನ್ನು ಓದುತ್ತಿದ್ದೇನೆ. ಒಂದು ಔಷಧಿ ಪರೀಕ್ಷೆಗಳದ್ದು, ಇನ್ನೊಂದು ಗಾಳಿಯಂತ್ರಗಳಿಂದ ಪ್ರಾಣಿಪಕ್ಷಿಗಳ ಮೇಲಾಗುವ ಪರಿಣಾಮದ್ದು. ಮೊದಲನೆಯದರಲ್ಲಿ "300 ಜನರಲ್ಲಿ ಯಾರಿಗೂ ಗಂಭೀರ ಅಡ್ಡಪರಿಣಾಮ ಕಾಣಿಸಲಿಲ್ಲ" ಅನ್ನುವಂಥ ಸಾಲು ಬರುತ್ತದೆ. ಎರಡನೆಯದರಲ್ಲಿ "ಯಂತ್ರಗಳ ಬುಡದಲ್ಲಿ ಸತ್ತ ಬಾವಲಿ ಒಂದೂ ಸಿಗಲಿಲ್ಲ" ಅನ್ನುವಂಥ ಸಾಲು. ಎರಡರ ತೀರ್ಮಾನವೂ ಒಂದೇ ಧಾಟಿಯಲ್ಲಿರುತ್ತದೆ: ಸಿಗಲಿಲ್ಲ, ಆದ್ದರಿಂದ ಅಪಾಯವಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಸೊನ್ನೆ ಅನ್ನುವ ಎಣಿಕೆಯಿಂದ ಏನನ್ನಾದರೂ ಲೆಕ್ಕ ಹಾಕಿ ಹೇಳಲು ಸಾಧ್ಯವೇ? ಹೇಳಬಹುದಾದರೆ ಎರಡೂ ಕಡೆ ಒಂದೇ ಸೂತ್ರ ಸಾಕಾಗುತ್ತದೆಯೇ? ಇಲ್ಲಿ ವೈದ್ಯಕೀಯ, ಇಂಧನ, ಪರಿಸರ ಎಲ್ಲ ಕ್ಷೇತ್ರದವರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಸಂಖ್ಯಾಶಾಸ್ತ್ರ ಮೇಷ್ಟ್ರು

ಖಂಡಿತ ಹೇಳಬಹುದು. ಸೊನ್ನೆಯೂ ಒಂದು ಅಳತೆಯೇ.

ಅಪಾಯದ ಪ್ರಮಾಣ ನಿಜವಾಗಿ ನೂರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಒಬ್ಬರು ಪಾರಾಗುವ ಸಂಭವನೀಯತೆ 0.99. 300 ಜನರೂ ಪಾರಾಗಬೇಕಾದರೆ 0.99 ಅನ್ನು 300 ಸಲ ಗುಣಿಸಬೇಕು. ಬರುವ ಉತ್ತರ ಸುಮಾರು 0.049. ಅಂದರೆ ನೂರಕ್ಕೊಂದು ಅಪಾಯವಿರುವ ಔಷಧಿ ಕೊಟ್ಟರೂ ಇಂಥ ಪರೀಕ್ಷೆಗಳಲ್ಲಿ ಶೇ. 5ರಷ್ಟು "ಯಾರಿಗೂ ಏನೂ ಆಗಲಿಲ್ಲ" ಎಂದೇ ಮುಗಿಯುತ್ತವೆ. ಹಾಗಾಗಿ 300ರಲ್ಲಿ ಸೊನ್ನೆ ಕಂಡಾಗ ಶೇ. 95ರ ವಿಶ್ವಾಸದಲ್ಲಿ ಹೇಳಬಹುದಾದದ್ದು "ಅಪಾಯ ಶೇ. 1ಕ್ಕಿಂತ ಹೆಚ್ಚಿರಲಾರದು" ಎಂದಷ್ಟೆ. ಅಪಾಯವೇ ಇಲ್ಲ ಅನ್ನಲು ಬರುವುದಿಲ್ಲ.

ಬಾಯಿಲೆಕ್ಕಕ್ಕೆ ಸುಲಭ ದಾರಿ ಇದೆ. 3 ಅನ್ನು ಜನರ ಸಂಖ್ಯೆಯಿಂದ ಭಾಗಿಸಿ. 300 ಜನ ಇದ್ದರೆ ನೂರಕ್ಕೊಂದು, 3000 ಇದ್ದರೆ ಸಾವಿರಕ್ಕೊಂದು. ಆ ಮೂರು ಬರುವುದು 20ರ ಸ್ವಾಭಾವಿಕ ಲಾಗರಿದಮ್‌ನಿಂದ, ಅದರ ಬೆಲೆ 2.996. ವೈದ್ಯಕೀಯದವರಿಗೆ ಇದನ್ನು ತಲುಪಿಸಿದ್ದು 1983ರಲ್ಲಿ ಹ್ಯಾನ್ಲಿ ಮತ್ತು ಲಿಪ್‌ಮನ್-ಹ್ಯಾಂಡ್ ಬರೆದ ಪುಟ್ಟ ಲೇಖನ. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತೇನೆ. ಇದೊಂದು ಗೊತ್ತಿದ್ದರೆ ಪತ್ರಿಕೆಯಲ್ಲಿ ಬರುವ ಅರ್ಧದಷ್ಟು "ಸಂಪೂರ್ಣ ಸುರಕ್ಷಿತ"ಗಳನ್ನು ಅವರೇ ಅಳೆದು ನೋಡಬಲ್ಲರು.

ಎರಡೂ ಕಡೆ ಒಂದೇ ಸೂತ್ರ ಸಾಕೇ ಅಂದಿರಿ. ಸಾಲದು. ಆದರೆ ಅದನ್ನು ಬಾವಲಿಗಳ ಹಿಂದೆ ಓಡಾಡುವವರೇ ಹೇಳಲಿ.

ಲಸಿಕೆ ಸಂಶೋಧಕಿ

ಮೇಷ್ಟ್ರ ಮಾತಿಗೆ ನಡೆದ ಒಂದು ಘಟನೆ ಸೇರಿಸುತ್ತೇನೆ. ನಮ್ಮ ಕ್ಷೇತ್ರ ಇದರಿಂದ ಬಹಳ ಕಲಿತಿದೆ.

ಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ ವಿರುದ್ಧದ ಮೊದಲ ಲಸಿಕೆ ರೋಟಾಶೀಲ್ಡ್. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಅದಕ್ಕೆ ಮುಂಚಿನ ಪರೀಕ್ಷೆಗಳಲ್ಲಿ ಲಸಿಕೆ ಪಡೆದ ಸುಮಾರು 10,000 ಶಿಶುಗಳಲ್ಲಿ 5 ಮಕ್ಕಳಿಗೆ ಕರುಳು ತನ್ನೊಳಗೇ ಮಡಚಿಕೊಳ್ಳುವ ತೊಂದರೆ ಬಂದಿತ್ತು. ಲಸಿಕೆ ಪಡೆಯದ ಸುಮಾರು 4,600 ಮಕ್ಕಳಲ್ಲಿ ಒಂದಕ್ಕೆ ಬಂದಿತ್ತು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಅಲ್ಲದೆಯೂ ಇರಬಹುದು. ಅಷ್ಟು ಚಿಕ್ಕ ಸಂಖ್ಯೆಗಳಿಂದ ತೀರ್ಮಾನಿಸಲು ಆಗುವುದಿಲ್ಲ. ಲಕ್ಷಾಂತರ ಮಕ್ಕಳಿಗೆ ಲಸಿಕೆ ಹೋದ ಮೇಲೆ ಚಿತ್ರ ಸ್ಪಷ್ಟವಾಯಿತು: ಅಪಾಯ ನಿಜ, ಹೆಚ್ಚೂಕಡಿಮೆ ಹತ್ತು ಸಾವಿರಕ್ಕೆ ಒಂದು. 1999ರ ಅಕ್ಟೋಬರಿನಲ್ಲಿ ತಯಾರಕರು ಲಸಿಕೆಯನ್ನು ಹಿಂತೆಗೆದುಕೊಂಡರು.

ಮುಂದೆ ಬಂದ ಎರಡು ಲಸಿಕೆಗಳನ್ನು, ರೋಟಾಟೆಕ್ ಮತ್ತು ರೋಟಾರಿಕ್ಸ್, ತಲಾ 60,000ಕ್ಕೂ ಹೆಚ್ಚು ಶಿಶುಗಳ ಮೇಲೆ ಪರೀಕ್ಷಿಸಿದರು. ಇಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಹತ್ತು ಸಾವಿರಕ್ಕೊಂದು ಅಪಾಯವನ್ನು ಕಾಣಲೇಬೇಕು ಅಂದರೆ ಕನಿಷ್ಠ 30,000 ಮಕ್ಕಳು ಬೇಕು ಅಂತ ಆ ಮೂರರ ಲೆಕ್ಕವೇ ಹೇಳುತ್ತದೆ. ಹೋಲಿಕೆಗೆ ಲಸಿಕೆ ಇಲ್ಲದ ಗುಂಪೂ ಅಷ್ಟೇ ದೊಡ್ಡದಿರಬೇಕು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಕಾಲದಲ್ಲಿ ರೋಟಾವೈರಸ್ ಭೇದಿಯಿಂದ ಜಗತ್ತಿನಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಸಾಯುತ್ತಿದ್ದಾರೆ ಅನ್ನುವ ಅಂದಾಜಿತ್ತು. ಹೆಚ್ಚಿನವರು ಬಡ ದೇಶಗಳ ಮಕ್ಕಳು. ಹೊಸ ಲಸಿಕೆಗಳು ಬರುವವರೆಗೆ ಅವರಿಗೆ ಲಸಿಕೆಯ ರಕ್ಷಣೆ ಇರಲಿಲ್ಲ. ಹತ್ತು ಸಾವಿರಕ್ಕೊಂದು ಅಪಾಯ ಒಂದು ಕಡೆ ಸಹಿಸಲಾಗದ್ದು, ಇನ್ನೊಂದು ಕಡೆ ಕಣ್ಣುಮುಚ್ಚಿ ಒಪ್ಪಬಹುದಾದದ್ದು. ಇದನ್ನು ಲೆಕ್ಕ ತೀರ್ಮಾನಿಸುವುದಿಲ್ಲ, ನಾವು ತೀರ್ಮಾನಿಸಬೇಕು.

ಬಾವಲಿ ಅಧ್ಯಯನ

ಔಷಧಿ ಪರೀಕ್ಷೆಯಲ್ಲಿ ಒಂದು ಅನುಕೂಲ ಇದೆ. ಆ 300 ಜನ ಯಾರು, ಎಲ್ಲಿದ್ದಾರೆ ಅಂತ ನಿಮಗೆ ಗೊತ್ತು. ಒಬ್ಬರು ಆಸ್ಪತ್ರೆಗೆ ಸೇರಿದರೆ ಸುದ್ದಿ ನಿಮಗೆ ಮುಟ್ಟುತ್ತದೆ. ನಮ್ಮಲ್ಲಿ ಹಾಗಿಲ್ಲ. ಬಾವಲಿ ಸತ್ತರೂ ನಮ್ಮ ಕಣ್ಣಿಗೆ ಬೀಳದೇ ಇರಲು ಮೂರು ದಾರಿಗಳಿವೆ. ಬಿದ್ದ ಕಳೇಬರವನ್ನು ಇರುವೆ, ನರಿ, ಕಾಗೆಗಳು ನಾವು ಹೋಗುವ ಮುಂಚೆಯೇ ಮುಗಿಸಿರಬಹುದು. ಅಲ್ಲೇ ಇದ್ದರೂ ಹುಲ್ಲಿನಲ್ಲಿ ನಮಗೆ ಕಾಣಿಸದೇ ಹೋಗಬಹುದು. ನಾವು ಹುಡುಕಲೇ ಆಗದ ಇಳಿಜಾರಿನಲ್ಲೋ ಮುಳ್ಳುಪೊದೆಯಲ್ಲೋ ಬಿದ್ದಿರಬಹುದು. ಬಾವಲಿಯೆಂದರೆ ಎಷ್ಟೋ ಸಲ ಬೆರಳುದ್ದದ ಕಂದು ಮುದ್ದೆ, ಒಣಗಿದ ಎಲೆಗೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ.

ಹಾಗಾಗಿ ನಾವು ಮೊದಲು ಅಳೆಯುವುದು ನಮ್ಮನ್ನೇ. ಬೇರೆಯವರೊಬ್ಬರು ಮುಂಜಾನೆ ಬಂದು ಕಳೇಬರಗಳನ್ನು ಗುಟ್ಟಾಗಿ ಅಲ್ಲಲ್ಲಿ ಇಟ್ಟು ಹೋಗುತ್ತಾರೆ. ಎಲ್ಲಿ, ಎಷ್ಟು ಅಂತ ಹುಡುಕುವವರಿಗೆ ಗೊತ್ತಿರುವುದಿಲ್ಲ. ಇಟ್ಟವುಗಳಲ್ಲಿ ಎಷ್ಟು ಸಿಕ್ಕವು ಅನ್ನುವುದೇ ನಮ್ಮ ಕಣ್ಣಿನ ಅಳತೆ. ಬ್ರಿಟನ್ನಿನಲ್ಲಿ ಫಿಯೋನಾ ಮ್ಯಾಥ್ಯೂಸ್ ಮತ್ತವರ ತಂಡ 2013ರಲ್ಲಿ ಪ್ರಕಟಿಸಿದ ಇಂಥ ಪ್ರಯೋಗದಲ್ಲಿ ಮನುಷ್ಯರು ಇಟ್ಟ ಬಾವಲಿಗಳ ಪೈಕಿ ಶೇ. 20 ಮಾತ್ರ ಹುಡುಕಿದರು. ತರಬೇತಿ ಪಡೆದ ನಾಯಿಗಳು ಶೇ. 73 ಹುಡುಕಿದವು. ವೈದ್ಯರು ಔಷಧಿಗೆ ಬಳಸುವ ಯಾದೃಚ್ಛಿಕ, ಗುಟ್ಟು ಬಿಡದ ಪರೀಕ್ಷೆಯ ಕ್ರಮವನ್ನೇ ಅವರು ನಾಯಿಗಳಿಗೂ ಮನುಷ್ಯರಿಗೂ ಅನ್ವಯಿಸಿದ್ದರು.

ಈಗ ಲೆಕ್ಕ. ಕಳೇಬರ ನಾವು ಹೋಗುವವರೆಗೆ ಉಳಿದಿರುವ ಸಂಭವ 0.5, ಇದ್ದರೆ ಕಾಣುವ ಸಂಭವ 0.5, ಹುಡುಕಿದ ಜಾಗದಲ್ಲೇ ಬಿದ್ದಿರುವ ಸಂಭವ 0.8 ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ 0.2. ಅಂದರೆ ಸತ್ತ ಐದರಲ್ಲಿ ಒಂದು ನಮಗೆ ಸಿಗುತ್ತದೆ. ಹದಿಮೂರು ಬಾವಲಿ ಸತ್ತಿದ್ದರೂ ಹದಿಮೂರೂ ತಪ್ಪಿಹೋಗುವ ಸಂಭವ 0.8 ಅನ್ನು 13 ಸಲ ಗುಣಿಸಿದಷ್ಟು, ಅಂದರೆ 0.055. ಹದಿನಾಲ್ಕಾದರೆ 0.044. ಆದ್ದರಿಂದ "ಒಂದೂ ಸಿಗಲಿಲ್ಲ" ಅನ್ನುವ ಆ ವರದಿ ಹದಿಮೂರು ಸಾವುಗಳೊಂದಿಗೂ ಹೊಂದಿಕೊಳ್ಳುತ್ತದೆ. ಪತ್ತೆಯಾಗುವ ಸಂಭವ ಎಷ್ಟು ಅಂತ ಬರೆಯದೆ ಸೊನ್ನೆ ಅಂತ ಮಾತ್ರ ಬರೆದರೆ ಆ ಸೊನ್ನೆಗೆ ಅರ್ಥವೇ ಇಲ್ಲ.

ಗಾಳಿವಿದ್ಯುತ್ ಎಂಜಿನಿಯರ್

ಮೇಡಂ, ಗೌರವದಿಂದಲೇ ಹೇಳುತ್ತೇನೆ, ಈ ದಾರಿಯಲ್ಲಿ ಹೋದರೆ ಯಾವ ಯೋಜನೆಯೂ ನಿರಪರಾಧಿ ಅಂತ ಸಾಬೀತಾಗುವುದೇ ಇಲ್ಲ. ಒಂದು ಸಿಕ್ಕರೆ ಐದು ಸತ್ತಿವೆ ಅನ್ನುತ್ತೀರಿ, ಒಂದೂ ಸಿಗದಿದ್ದರೆ ಹದಿಮೂರು ಇರಬಹುದು ಅನ್ನುತ್ತೀರಿ. ನಾವು ಯಂತ್ರ ನಿಲ್ಲಿಸಿದರೆ ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬರುತ್ತದೆ. ಅದರ ಹೊಗೆಯಿಂದ ಸಾಯುವವರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರ ಮರಣಪತ್ರದಲ್ಲೂ "ಕಾರಣ: ವಿದ್ಯುತ್ ಸ್ಥಾವರ" ಅಂತ ಬರೆಯುವುದಿಲ್ಲ. ಕಾಣದ ಸಾವುಗಳ ಲೆಕ್ಕ ತೆಗೆಯುವುದಾದರೆ ಎರಡೂ ಕಡೆಯದ್ದು ತೆಗೆಯಿರಿ.

ಬಾವಲಿಗಳ ಮೇಲೆ ನನಗೇನೂ ಹಗೆಯಿಲ್ಲ. ಏನು ಮಾಡಬೇಕು ಅಂತ ಹೇಳಿದರೆ ಮಾಡಲು ತಯಾರಿದ್ದೇವೆ. ಆದರೆ ಅದಕ್ಕೆ ಎಷ್ಟು ವಿದ್ಯುತ್ತು ಹೋಗುತ್ತದೆ ಅಂತಲೂ ಹೇಳಬೇಕು.

ಬಾವಲಿ ಅಧ್ಯಯನ

ಸರ್, ಕಲ್ಲಿದ್ದಲಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಗಾಳಿವಿದ್ಯುತ್ತು ಬೇಡ ಅಂತ ನಮ್ಮಲ್ಲಿ ಹೇಳುವವರು ತೀರಾ ಕಡಿಮೆ. ಹವಾಮಾನ ಕೆಟ್ಟರೆ ಬಾವಲಿಗಳಿಗೂ ಉಳಿಗಾಲವಿಲ್ಲ.

ಎಷ್ಟು ವಿದ್ಯುತ್ತು ಹೋಗುತ್ತದೆ ಅನ್ನುವುದಕ್ಕೆ ಉತ್ತರ ಇದೆ, ಅದೂ ನಿಮಗೆ ಸಮಾಧಾನ ಕೊಡುವಂಥದ್ದು. ಬಾವಲಿಗಳು ಹೆಚ್ಚು ಹಾರಾಡುವುದು ಗಾಳಿ ಮಂದವಾಗಿರುವ ರಾತ್ರಿಗಳಲ್ಲಿ. ಆ ಹೊತ್ತಿನಲ್ಲಿ ನಿಮ್ಮ ಯಂತ್ರ ತಿರುಗಿದರೂ ಉತ್ಪಾದನೆ ಅತ್ಯಲ್ಪ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ ಆರ್ನೆಟ್ ತಂಡ ಯಂತ್ರ ತಿರುಗಲು ಶುರುವಾಗುವ ಗಾಳಿವೇಗದ ಮಿತಿಯನ್ನು ರಾತ್ರಿ ಹೊತ್ತು ಸ್ವಲ್ಪ ಏರಿಸಿ ನೋಡಿತು. ಬಾವಲಿಗಳ ಸಾವು ಶೇ. 44ರಿಂದ 93ರಷ್ಟು ಕಡಿಮೆಯಾಯಿತು. ವಾರ್ಷಿಕ ಉತ್ಪಾದನೆಯಲ್ಲಿ ಆದ ನಷ್ಟ ಶೇ. 1 ಅಥವಾ ಅದಕ್ಕಿಂತ ಕಡಿಮೆ. ಸ್ಪೇನಿನ ದಕ್ಷಿಣ ತುದಿಯಲ್ಲಿ ಗ್ರಿಫನ್ ರಣಹದ್ದುಗಳು ಹತ್ತಿರ ಬಂದಾಗ ಆಯಾ ಯಂತ್ರವನ್ನು ಮಾತ್ರ ನಿಲ್ಲಿಸುವ ಕ್ರಮ ತಂದರು. ಸಾವು ಅರ್ಧದಷ್ಟಾಯಿತು, ಉತ್ಪಾದನೆಯಲ್ಲಿ ಹೋದದ್ದು ಶೇ. 0.07.

44ರಿಂದ 93 ಅನ್ನುವ ಅಷ್ಟಗಲದ ಅಂತರ ನೋಡಿ ಕೆಲವರು ನಗುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಹೆಚ್ಚುತ್ತದೆ. ಸಿಕ್ಕ ಕಳೇಬರಗಳು ಕಡಿಮೆ ಇದ್ದಾಗ ಪ್ರಾಮಾಣಿಕ ಲೆಕ್ಕ ಹಾಗೇ ಇರುತ್ತದೆ.

ಇನ್ನೊಂದು ಮಾತು. ಇಷ್ಟು ಚಿಕ್ಕ ಪ್ರಾಣಿಯ ಬಗ್ಗೆ ಇಷ್ಟೇಕೆ ತಲೆಕೆಡಿಸಿಕೊಳ್ಳುತ್ತೀರಿ ಅನ್ನುವವರಿಗೆ: ಇಲಿಯಷ್ಟೇ ದೊಡ್ಡದಾದರೂ ಬಾವಲಿ ಇಲಿಯಂತೆ ಮರಿ ಹಾಕುವುದಿಲ್ಲ. ಬಹುತೇಕ ಜಾತಿಗಳಲ್ಲಿ ವರ್ಷಕ್ಕೆ ಒಂದೇ ಮರಿ. ಕಳೆದುಕೊಂಡದ್ದು ತುಂಬಿಬರಲು ತುಂಬಾ ಕಾಲ ಬೇಕು.

ಗಣಿತ ವಿದ್ಯಾರ್ಥಿ

ಮೇಡಂ, ಕಳೇಬರ ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ಅಳೆಯುವುದು ಹೇಗೆ? ಪ್ರಯೋಗ ಮುಗಿಯುವ ಹೊತ್ತಿಗೂ ಕೆಲವು ಅಲ್ಲೇ ಇದ್ದರೆ? ಮಧ್ಯದಲ್ಲೇ ಅವುಗಳ ಮೇಲೆ ಕಣ್ಣಿಟ್ಟ ಕ್ಯಾಮೆರಾ ಕೆಟ್ಟು ಕೆಲವುಗಳ ಗತಿ ಏನಾಯಿತೋ ಗೊತ್ತೇ ಆಗದಿದ್ದರೆ?

ಸಂಖ್ಯಾಶಾಸ್ತ್ರ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಇದಕ್ಕೆ ನಾನೇ ಉತ್ತರಿಸುತ್ತೇನೆ, ಯಾಕೆಂದರೆ ಇದು ನನಗೆ ತುಂಬ ಇಷ್ಟವಾದ ಕಥೆ.

1950ರ ದಶಕದಲ್ಲಿ ಎಡ್ವರ್ಡ್ ಕಪ್ಲಾನ್ ಬೆಲ್ ಪ್ರಯೋಗಾಲಯದಲ್ಲಿದ್ದರು. ಸಮುದ್ರದಡಿಯ ಟೆಲಿಫೋನ್ ಕೇಬಲ್ಲಿನಲ್ಲಿ ಸಂಕೇತವನ್ನು ಬಲಪಡಿಸುವ ನಿರ್ವಾತ ಕೊಳವೆಗಳು ಎಷ್ಟು ಕಾಲ ಬಾಳುತ್ತವೆ ಅನ್ನುವುದು ಅವರ ಸಮಸ್ಯೆ. ಅದೇ ಹೊತ್ತಿಗೆ ಪಾಲ್ ಮೈಯರ್ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಯ ನಂತರ ಎಷ್ಟು ಕಾಲ ಬದುಕುತ್ತಾರೆ ಅನ್ನುವುದರ ಮೇಲೆ ಕೆಲಸ ಮಾಡುತ್ತಿದ್ದರು. ಇಬ್ಬರ ಕೈಯಲ್ಲೂ ಅರ್ಧಂಬರ್ಧ ದತ್ತಾಂಶ. ಕೆಲವು ಕೊಳವೆಗಳು ಇನ್ನೂ ಕೆಟ್ಟಿಲ್ಲ, ಕೆಲವು ರೋಗಿಗಳು ಮತ್ತೆ ತಪಾಸಣೆಗೆ ಬಂದೇ ಇಲ್ಲ. ಇಬ್ಬರೂ ಒಂದೇ ನಿಯತಕಾಲಿಕಕ್ಕೆ ಲೇಖನ ಕಳಿಸಿದರು. ಒಟ್ಟಿಗೆ ಬರೆಯಿರಿ ಅಂತ ಸಂಪಾದಕರು ಹೇಳಿದರು. 1958ರಲ್ಲಿ ಬಂದ ಆ ಜಂಟಿ ಲೇಖನ ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಒಂದು.

ವಿಧಾನ ಇಷ್ಟೆ. ಹತ್ತು ಕಳೇಬರ ಇಟ್ಟಿದ್ದೀರಿ. ಮೊದಲ ದಿನ ಎರಡು ಮಾಯ. ಉಳಿಯುವ ಪ್ರಮಾಣ ಹತ್ತಕ್ಕೆ ಎಂಟು, 0.8. ಮೂರನೇ ದಿನ ಉಳಿದ ಎಂಟರಲ್ಲಿ ಎರಡು ಮಾಯ, ಅಂದರೆ ಎಂಟಕ್ಕೆ ಆರು, 0.75. ಎರಡನ್ನೂ ಗುಣಿಸಿದರೆ 0.6. ಐದನೇ ದಿನ ಮೂರು ಕ್ಯಾಮೆರಾ ಕೆಟ್ಟವು, ಆ ಮೂರರ ಗತಿ ಗೊತ್ತಿಲ್ಲ. ಅವುಗಳನ್ನು ಮಾಯವಾದ ಲೆಕ್ಕಕ್ಕೂ ಸೇರಿಸಬೇಡಿ, ಉಳಿದ ಲೆಕ್ಕಕ್ಕೂ ಸೇರಿಸಬೇಡಿ, ಮುಂದಿನ ಛೇದದಿಂದ ಮಾತ್ರ ತೆಗೆಯಿರಿ. ಏಳನೇ ದಿನ ನಿಮ್ಮ ಕಣ್ಣಳವಿನಲ್ಲಿರುವ ಮೂರರಲ್ಲಿ ಒಂದು ಮಾಯ: ಮೂರಕ್ಕೆ ಎರಡು. 0.6 ಗುಣಿಸು ಮೂರನೇ ಎರಡು, ಉತ್ತರ 0.4.

ಗತಿ ಗೊತ್ತಿಲ್ಲದ ಮೂರೂ ಉಳಿದಿವೆ ಅಂದುಕೊಂಡಿದ್ದರೆ 0.5 ಬರುತ್ತಿತ್ತು. ಮೂರೂ ಹೋದವು ಅಂದಿದ್ದರೆ 0.2. ಮೂರನ್ನೂ ಮೊದಲಿನಿಂದಲೇ ಕೈಬಿಟ್ಟಿದ್ದರೆ ಏಳಕ್ಕೆ ಎರಡು, ಸುಮಾರು 0.29. ಐದನೇ ದಿನದ ತನಕ ಅವು ಉಳಿದಿದ್ದವು ಅನ್ನುವ ಮಾಹಿತಿಯನ್ನು ಎಸೆಯದೆ, ಆಮೇಲಿನದ್ದನ್ನು ಕಲ್ಪಿಸಿಕೊಳ್ಳದೆ ಲೆಕ್ಕ ಹಾಕುವುದು ಈ ವಿಧಾನದ ಸೊಗಸು. ಇವತ್ತು ಇದೇ ಲೆಕ್ಕ ಕ್ಯಾನ್ಸರ್ ವಾರ್ಡಿನಲ್ಲಿದೆ, ಗಾಳಿಯಂತ್ರದ ಗೇರ್‌ಬಾಕ್ಸ್ ಎಷ್ಟು ವರ್ಷ ಬಾಳುತ್ತದೆ ಅನ್ನುವಲ್ಲಿದೆ, ರೇಡಿಯೋ ಕಾಲರ್ ಹಾಕಿದ ಪ್ರಾಣಿಗಳ ಅಧ್ಯಯನದಲ್ಲಿದೆ.

ಒಂದು ಷರತ್ತು ಮಾತ್ರ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಕಣ್ಣಳವಿನಿಂದ ತಪ್ಪಿದ್ದಕ್ಕೂ ಗತಿಗೂ ಸಂಬಂಧ ಇರಬಾರದು. ಮಳೆಗೆ ಕ್ಯಾಮೆರಾ ಕೆಟ್ಟರೆ ತೊಂದರೆಯಿಲ್ಲ. ಕಳೇಬರ ತಿನ್ನಲು ಬಂದ ನರಿಯೇ ಕ್ಯಾಮೆರಾ ಕೆಡವಿದ್ದರೆ 0.4 ಸುಳ್ಳಾಗುತ್ತದೆ.

ಲಸಿಕೆ ಸಂಶೋಧಕಿ

ರೋಗ ಉಲ್ಬಣಿಸಿ ನಡೆಯಲೂ ಆಗದವರು ತಪಾಸಣೆಗೆ ಬರುವುದು ನಿಲ್ಲಿಸುತ್ತಾರಲ್ಲ, ನಮ್ಮಲ್ಲಿ ಅದೇ ನರಿ.

ಸೌರಕೋಶ ಪ್ರಯೋಗಾಲಯ

ನಾನು ಪೆರೋವ್‌ಸ್ಕೈಟ್ ಅನ್ನುವ ಹೊಸ ಬಗೆಯ ಹರಳು ವಸ್ತುವಿನ ಸೌರಕೋಶಗಳ ಮೇಲೆ ಕೆಲಸ ಮಾಡುವವನು. ನಮ್ಮ ಸಂಕಟವೂ ಇದೇ ಜಾತಿಯದ್ದು, ಸ್ವಲ್ಪ ಬೇರೆ ರೂಪದಲ್ಲಿ: ಇನ್ನೂ ಆಗದೇ ಇರುವುದನ್ನು ಎಣಿಸಬೇಕು.

2009ರಲ್ಲಿ ಜಪಾನಿನ ಮಿಯಾಸಕ ತಂಡ ಮೊದಲ ಪೆರೋವ್‌ಸ್ಕೈಟ್ ಕೋಶ ಮಾಡಿದಾಗ ದಕ್ಷತೆ ಶೇ. 3.8 ಇತ್ತು. ಈಗ ಪ್ರಯೋಗಾಲಯದ ಚಿಕ್ಕ ಕೋಶಗಳಲ್ಲಿ ಶೇ. 26 ದಾಟಿದೆ. ಸಿಲಿಕಾನ್ ಈ ದೂರ ಕ್ರಮಿಸಲು ದಶಕಗಳೇ ಹಿಡಿದವು. ಹಾಗಿದ್ದೂ ಎಲ್ಲೆಲ್ಲೂ ಸಿಲಿಕಾನೇ ಯಾಕೆ ಅಂದರೆ ಬಾಳಿಕೆ. ಸಿಲಿಕಾನ್ ಫಲಕಗಳು ಸಾಮಾನ್ಯವಾಗಿ ವರ್ಷಕ್ಕೆ ಶೇ. 0.5ರಷ್ಟು ಮಾತ್ರ ಶಕ್ತಿ ಕಳೆದುಕೊಳ್ಳುತ್ತವೆ ಅಂತ ದಶಕಗಳ ಅಳತೆಯಿಂದ ಗೊತ್ತು. ನಮ್ಮ ಫಲಕ 25 ವರ್ಷ ಬಾಳುತ್ತದೆಯೇ ಅಂತ ನೋಡಲು 25 ವರ್ಷ ಕಾಯುವಂತಿಲ್ಲ.

ಅದಕ್ಕೆ ವಯಸ್ಸನ್ನು ಓಡಿಸುತ್ತೇವೆ. 85 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 85 ತೇವಾಂಶ, 1,000 ಗಂಟೆ. ಬಿಸಿ ಹೆಚ್ಚಾದಂತೆ ರಾಸಾಯನಿಕ ಕ್ರಿಯೆ ಎಷ್ಟು ಪಟ್ಟು ಚುರುಕಾಗುತ್ತದೆ ಅನ್ನುವ ಅರೇನಿಯಸ್ ಸಮೀಕರಣ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತೇವೆ. ಮಾತ್ರೆಗಳ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದಲ್ಲ, ಅದರ ಹಿಂದೆಯೂ ಇದೇ ಯುಕ್ತಿ ಇದೆ: ಔಷಧಿ ಕಂಪನಿಗಳು 40 ಡಿಗ್ರಿ, ಶೇ. 75 ತೇವಾಂಶದಲ್ಲಿ ಆರು ತಿಂಗಳು ಇಟ್ಟು ನೋಡುತ್ತವೆ.

ಇಲ್ಲೂ ಒಂದು ಷರತ್ತು ಇದೆ. ಬಿಸಿಯಲ್ಲಿ ಬೇಗ ಕೆಡುವ ಬಗೆಯೂ ಬಿಸಿಲಲ್ಲಿ ನಿಧಾನ ಕೆಡುವ ಬಗೆಯೂ ಒಂದೇ ಆಗಿರಬೇಕು. ಸಿಲಿಕಾನ್ ಫಲಕಕ್ಕೆಂದು ರೂಪಿಸಿದ ಆ 1,000 ಗಂಟೆಗಳ ಪರೀಕ್ಷೆ ನಡೆಯುವುದು ಕತ್ತಲಲ್ಲಿ. ಪೆರೋವ್‌ಸ್ಕೈಟಿನೊಳಗೆ ಬೆಳಕು ಬಿದ್ದಾಗ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಜಾಗ ಬದಲಿಸುತ್ತವೆ, ಕತ್ತಲಾದಾಗ ಒಂದಿಷ್ಟು ಹಿಂದಿರುಗುತ್ತವೆ. ಹಗಲು ರಾತ್ರಿ ಹಗಲು ರಾತ್ರಿ ಅಂತ ಸಾವಿರಾರು ಸಲ ನಡೆಯುವ ಈ ಓಡಾಟದಿಂದ ಆಗುವ ಹಾನಿಯನ್ನು ಕತ್ತಲ ಒಲೆ ತೋರಿಸುವುದೇ ಇಲ್ಲ. ಪರೀಕ್ಷೆಯಲ್ಲಿ ಪಾಸಾಯಿತು ಅನ್ನುವುದು ಇಲ್ಲಿ "ಬಾವಲಿ ಸಿಗಲಿಲ್ಲ" ಅನ್ನುವುದಕ್ಕೆ ಸಮ. ಸೂತ್ರ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಸಲೀಸಾಗಿ ಬಂದುಬಿಡುತ್ತದೆ, ಷರತ್ತುಗಳು ಹಳೆಯ ಕ್ಷೇತ್ರದಲ್ಲೇ ಉಳಿದುಬಿಡುತ್ತವೆ. ನನಗೆ ಈ ಚರ್ಚೆಯಲ್ಲಿ ಎದ್ದು ಕಾಣುತ್ತಿರುವುದು ಅದು.

ಕಾಡು ಸಮೀಕ್ಷೆ

ಇದೇ ಮಾತು ಹುಲಿ ಎಣಿಕೆಗೂ ಸಲ್ಲುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ) ಚಿತ್ರಗಳಿಂದ ಪಟ್ಟೆ ಗುರುತಿಸಿ ಲೆಕ್ಕ ಹಾಕಿ 1995ರಲ್ಲಿ ಪ್ರಕಟಿಸಿದರಲ್ಲ, ಅದರ ಬೇರು ಮೀನು ಹಿಡಿದು ಗುರುತು ಹಾಕಿ ಬಿಡುವ ಹಳೆಯ ವಿಧಾನದಲ್ಲಿದೆ. 60ಕ್ಕೆ ಗುರುತು ಹಾಕಿ ಬಿಟ್ಟಿರಿ. ಮತ್ತೆ 50 ಹಿಡಿದಾಗ ಅದರಲ್ಲಿ 10ಕ್ಕೆ ಗುರುತಿತ್ತು. ಅಂದರೆ ಐದರಲ್ಲೊಂದು ಗುರುತಿನದ್ದು, ಒಟ್ಟು ಸುಮಾರು 300.

ಸಾಂಕ್ರಾಮಿಕ ರೋಗದವರು ಇದನ್ನೇ ತೆಗೆದುಕೊಂಡು ಲೆಕ್ಕಕ್ಕೆ ಸಿಗದ ರೋಗಿಗಳನ್ನು ಅಂದಾಜಿಸುತ್ತಾರೆ. ಆಸ್ಪತ್ರೆಯ ಪಟ್ಟಿ ಒಂದು, ಪ್ರಯೋಗಾಲಯದ ಪಟ್ಟಿ ಇನ್ನೊಂದು, ಎರಡರಲ್ಲೂ ಇರುವ ಹೆಸರುಗಳು "ಗುರುತಿನ ಮೀನು". ಆದರೆ ಎರಡು ಪಟ್ಟಿಗೆ ಸೇರುವುದು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯಬೇಕು. ಆಸ್ಪತ್ರೆಗೆ ಹೋದವರನ್ನೇ ಪ್ರಯೋಗಾಲಯಕ್ಕೆ ಕಳಿಸುವುದಾದರೆ ಎರಡೂ ಕಡೆ ಅದೇ ಹೆಸರುಗಳು ಬರುತ್ತವೆ, ಒಟ್ಟು ರೋಗಿಗಳ ಅಂದಾಜು ನಿಜಕ್ಕಿಂತ ತುಂಬ ಕಡಿಮೆ ಬರುತ್ತದೆ. ಎಲ್ಲೂ ಹೋಗಲಾಗದ ಬಡವರು ಲೆಕ್ಕದಿಂದ ಎರಡನೇ ಸಲವೂ ಹೊರಗೆ ಉಳಿಯುತ್ತಾರೆ.

ಬಾವಲಿ ಅಧ್ಯಯನ

ಸೊನ್ನೆಯ ವಿಷಯಕ್ಕೇ ಮರಳುತ್ತೇನೆ. ಡೈಕ್ಲೋಫೆನಾಕ್ ಮತ್ತು ರಣಹದ್ದುಗಳ ಕಥೆ ಎಲ್ಲರಿಗೂ ಸ್ಥೂಲವಾಗಿ ಗೊತ್ತು. ದನಗಳಿಗೆ ನೋವು ಕಡಿಮೆ ಮಾಡಲು ಕೊಡುತ್ತಿದ್ದ ಔಷಧಿ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. ಲಿಂಡ್ಸೆ ಓಕ್ಸ್ ತಂಡ ಇದನ್ನು ಪಾಕಿಸ್ತಾನದಲ್ಲಿ ಕಂಡುಹಿಡಿದು 2004ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಉಪಖಂಡದ ಮೂರು ಜಾತಿಯ ರಣಹದ್ದುಗಳು ಶೇ. 95ಕ್ಕಿಂತ ಹೆಚ್ಚು ಕುಸಿದಿದ್ದವು. 2006ರಲ್ಲಿ ಭಾರತ ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ಮೆಲಾಕ್ಸಿಕಾಂ ಅನ್ನುವ ಬದಲಿ ರಣಹದ್ದುಗಳಿಗೆ ಅಪಾಯಕಾರಿಯಲ್ಲ ಅಂತ ಅದೇ ವರ್ಷ ಗೊತ್ತಾಯಿತು.

ಅಷ್ಟಾಗಿ ಯಾರೂ ಹೇಳದ ಭಾಗ ಗಣಿತದ್ದು. ಇಷ್ಟು ದೊಡ್ಡ ಕುಸಿತ ಆಗಬೇಕಾದರೆ ಬಹುಪಾಲು ದನಗಳಲ್ಲಿ ವಿಷ ಇರಬೇಕಲ್ಲ ಅನ್ನುವುದು ಸಹಜ ಆಕ್ಷೇಪ. ರೀಸ್ ಗ್ರೀನ್ ಮತ್ತವರ ಸಹೋದ್ಯೋಗಿಗಳು 2004ರಲ್ಲೇ ಅದಕ್ಕೆ ಉತ್ತರ ಕೊಟ್ಟರು. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಪ್ರಾಯಕ್ಕೆ ಬರಲು ವರ್ಷಗಳೇ ಬೇಕು, ಒಂದು ಕಳೇಬರಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಮುತ್ತುತ್ತವೆ, ಬದುಕಿನುದ್ದಕ್ಕೂ ಕೆಲವೇ ದಿನಗಳಿಗೊಮ್ಮೆ ಹೊಸ ಕಳೇಬರಕ್ಕೆ ಹೋಗುತ್ತವೆ. ಇದೆಲ್ಲ ಸೇರಿಸಿ ಲೆಕ್ಕ ಹಾಕಿದಾಗ 130ರಿಂದ 760 ಕಳೇಬರಗಳಲ್ಲಿ ಒಂದರಲ್ಲಿ ಮಾರಕ ಪ್ರಮಾಣದ ಔಷಧಿ ಇದ್ದರೂ ಸಾಕು, ಕಂಡ ಕುಸಿತ ಪೂರ್ತಿ ವಿವರಿಸಬಹುದು ಅಂತ ಬಂತು.

ಈಗ ಮೇಷ್ಟ್ರ ಲೆಕ್ಕ ಇಲ್ಲಿಗೆ ತನ್ನಿ. 760ಕ್ಕೊಂದು ಅಂತ ಇಟ್ಟುಕೊಳ್ಳಿ. ಯಾರಾದರೂ ಶ್ರಮಪಟ್ಟು 200 ಕಳೇಬರ ಪರೀಕ್ಷಿಸಿದ್ದರೂ ಒಂದರಲ್ಲೂ ವಿಷ ಸಿಗದಿರುವ ಸಂಭವ ಸುಮಾರು ಶೇ. 77. "ಪರೀಕ್ಷಿಸಿದ ಎಲ್ಲವೂ ಶುದ್ಧ" ಅನ್ನುವ ವರದಿ ಬರುತ್ತಿತ್ತು, ಹಕ್ಕಿಗಳು ಸಾಯುತ್ತಲೇ ಇರುತ್ತಿದ್ದವು. ಒಂದಾದರೂ ಸಿಗುತ್ತದೆ ಅಂತ ಶೇ. 95 ಭರವಸೆ ಬೇಕಾದರೆ 2,280 ಕಳೇಬರ ಬೇಕಿತ್ತು. ಆಮೇಲೆ ಭಾರತದಲ್ಲಿ ನಿಜಕ್ಕೂ ಸಾವಿರಾರು ಮಾದರಿ ತೆಗೆದು ನೋಡಿದಾಗ ಸುಮಾರು ಶೇ. 10ರಲ್ಲಿ ಔಷಧಿಯ ಅಂಶ ಸಿಕ್ಕಿತು. ಕುಸಿತಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಗಾಳಿವಿದ್ಯುತ್ ಎಂಜಿನಿಯರ್

ಇದನ್ನು ಓದಿದ ಮೇಲೆ ನನ್ನ ಆಕ್ಷೇಪವನ್ನು ಬೇರೆ ರೀತಿ ಇಡುತ್ತೇನೆ. ಸೊನ್ನೆಗೆ ಬೆಲೆ ಇಲ್ಲ ಅಂತ ನೀವು ಹೇಳುತ್ತಿಲ್ಲ, ಎಷ್ಟು ಹುಡುಕಿದ ಮೇಲಿನ ಸೊನ್ನೆ ಅಂತ ಕೇಳುತ್ತಿದ್ದೀರಿ. ಸರಿ. ಎಂಜಿನಿಯರಿಗೆ ಗುರಿ ಕೊಡಿ. ಒಂದೂ ಸಿಗದಿದ್ದಾಗ "ಈ ಋತುವಿನಲ್ಲಿ ಸತ್ತದ್ದು ಮೂರಕ್ಕಿಂತ ಹೆಚ್ಚಿಲ್ಲ" ಅಂತ ನಾವು ಶೇ. 95 ವಿಶ್ವಾಸದಿಂದ ಹೇಳಬೇಕು. ಅದಕ್ಕೆ ಪತ್ತೆಯಾಗುವ ಸಂಭವ ಎಷ್ಟಿರಬೇಕು?

ಗಣಿತ ವಿದ್ಯಾರ್ಥಿ

ಇದು ನಾನು ಮಾಡಬಲ್ಲೆ! ನಾಲ್ಕು ಸತ್ತಿದ್ದು ನಾಲ್ಕೂ ತಪ್ಪಿಹೋಗುವ ಸಂಭವ 0.05ಕ್ಕಿಂತ ಕಡಿಮೆ ಇರಬೇಕು. 0.05ರ ನಾಲ್ಕನೇ ಮೂಲ 0.473. ಆದ್ದರಿಂದ ಪತ್ತೆಯಾಗುವ ಸಂಭವ ಕನಿಷ್ಠ 0.527, ಅಂದಾಜು ಶೇ. 53. ಸರಿಯೇ ಮೇಷ್ಟ್ರೇ?

ಸಂಖ್ಯಾಶಾಸ್ತ್ರ ಮೇಷ್ಟ್ರು

ಸರಿ. ಒಂದನ್ನು ಸೇರಿಸಿಕೊಳ್ಳಿ: ಆ ಶೇ. 53 ಕೂಡ ಇಪ್ಪತ್ತೋ ಮೂವತ್ತೋ ಕಳೇಬರ ಇಟ್ಟು ಅಳೆದ ಅಂದಾಜೇ ಆಗಿರುತ್ತದೆ. ಆದ್ದರಿಂದ ಅಂದಾಜಿನ ನಡುಬೆಲೆ ಬೇಡ, ಅದರ ಕೆಳಮಿತಿ 0.53 ದಾಟಬೇಕು.

ಬಾವಲಿ ಅಧ್ಯಯನ

ಮನುಷ್ಯರನ್ನು ಮಾತ್ರ ಕಳಿಸಿದರೆ ಅಲ್ಲಿಗೆ ಮುಟ್ಟುವುದು ಕಷ್ಟ. ನಾಯಿಗಳಿದ್ದರೆ 0.73. ವಾರಕ್ಕೊಮ್ಮೆ ಹೋಗುವ ಬದಲು ಎರಡು ದಿನಕ್ಕೊಮ್ಮೆ ಹೋಗಿ, ಕಳೇಬರ ಉಳಿದಿರುವ ಸಂಭವ 0.9 ಅಂತ ಪ್ರಯೋಗದಲ್ಲಿ ಬಂದರೆ, ಬೀಳುವ ಜಾಗದ ಶೇ. 85 ಹುಡುಕಲು ಸಾಧ್ಯವಾದರೆ, ಒಟ್ಟು 0.56. ಕೆಳಮಿತಿಗೆ ಇನ್ನೂ ಸ್ವಲ್ಪ ಬಿಗಿ ಮಾಡಬೇಕಾಗುತ್ತದೆ. ಸರ್, ಯಂತ್ರದ ಬುಡದ ಸುತ್ತ ಹುಲ್ಲು ಕತ್ತರಿಸಿ ಇಡಲು ಆಗುತ್ತದೆಯೇ? ಬಾವಲಿಗಳು ಬಹುಪಾಲು ಕಂಬದ ಹತ್ತಿರವೇ ಬೀಳುತ್ತವೆ, ಅಷ್ಟು ಜಾಗ ಬೋಳಾಗಿದ್ದರೂ ದೊಡ್ಡ ಸಹಾಯ.

ಗಾಳಿವಿದ್ಯುತ್ ಎಂಜಿನಿಯರ್

ಹುಲ್ಲಿನ ಕೆಲಸ ಸುಲಭ, ಮಾಡಿಸುತ್ತೇನೆ. ಎರಡು ದಿನಕ್ಕೊಮ್ಮೆ ಅನ್ನುವುದು ವರ್ಷವಿಡೀ ಆಗದು. ಬಾವಲಿಗಳು ಹೆಚ್ಚು ಹಾರುವ ತಿಂಗಳುಗಳಿಗೆ ಮಾತ್ರ ಸೀಮಿತ ಮಾಡಿ, ಉಳಿದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಅಂತ ಇಟ್ಟು ಎರಡಕ್ಕೂ ಬೇರೆ ಬೇರೆ ಸಂಭವ ಲೆಕ್ಕ ಹಾಕಲು ಬರುತ್ತದೆಯೇ?

ಬಾವಲಿ ಅಧ್ಯಯನ

ಬರುತ್ತದೆ, ಹಾಗೇ ಮಾಡಬೇಕು. ಋತುವಿಗೊಂದು ಪ್ರಯೋಗ ಬೇರೆಯಾಗಿ ನಡೆಸಿ. ಮಳೆಗಾಲದಲ್ಲಿ ಅಳೆದ ಸಂಖ್ಯೆಯನ್ನು ಬೇಸಿಗೆಗೆ ಬಳಸಬೇಡಿ, ಎರಡರಲ್ಲೂ ಹುಲ್ಲೂ ಬೇರೆ, ಇರುವೆಗಳೂ ಬೇರೆ.